ಮುಂದಿನ ವರ್ಷಕ್ಕೆ ಆರು ಐತಿಹಾಸಿಕ ಕಾದಂಬರಿ: ಇಬ್ಬರೇ ಇರುವ ಪ್ರಕಾಶನಕ್ಕೆ ಇದು ಆಗುವ ಮಾತಾ?

ಹಳೆಕಾಲದ ಪುಟ:

ಎಲ್ಲರಿಗೂ ನಮಸ್ಕಾರ. ಐತಿಹಾಸಿಕ ಕಾದಂಬರಿಗಳನ್ನಷ್ಟೇ ತರುವ ಪುಟ್ಟ ಪ್ರಕಾಶನ ನಮ್ಮದು. ಇರುವುದು ಇಬ್ಬರೇ. ಹಸ್ತಪ್ರತಿ ಓದುವುದು, ತಿದ್ದುವುದು, ಲೇಖಕರ ಜೊತೆ ಗುದ್ದಾಡುವುದು ನನ್ನ ಪಾಲು. ಮುದ್ರಣ, ಲೆಕ್ಕ, ಮಾರಾಟ ಜೊತೆಗಾರರದ್ದು. ಮುಂದಿನ ವರ್ಷದ ಪಟ್ಟಿ ಹಾಕಲು ಕೂತರೆ ಆರು ಪುಸ್ತಕ ಆಗಿವೆ.

ಒಂದು, ಮೂರು ಭಾಗದ ಸರಣಿಯ ಕೊನೆಯ ಭಾಗ. ಹಸ್ತಪ್ರತಿ ಕೈಯಲ್ಲಿದೆ. ಎರಡು, 1816ರ ‘ಬೇಸಿಗೆ ಇಲ್ಲದ ವರ್ಷ’ದ ಮೇಲೆ ಒಂದು ಕಿರುಕಾದಂಬರಿ. ಇದೂ ಸಿದ್ಧ. ಮೂರು, ಪಾಣಿಪತ್ತಿನ ಮೂರನೇ ಯುದ್ಧದ ಕಥೆ. ಲೇಖಕರು ಎರಡನೇ ಸಲ ತಿದ್ದುತ್ತಿದ್ದಾರೆ. ನಾಲ್ಕು, ಮೆಗೆಲನ್‌ನ ಹಡಗಿನಲ್ಲಿ ಹೋದ ಒಬ್ಬ ಹುಡುಗನ ಕಥೆ. ಅರ್ಧ ಬರೆದಾಗಿದೆ. ಐದು, ಒಂದು ಹಳೆಯ ಫ್ರೆಂಚ್ ಕಾದಂಬರಿಯ ಅನುವಾದ. ಆರು, 1970ರ ದಶಕದ ಕೊನೆಯಲ್ಲಿ ನಡೆಯುವ ಒಂದು ಮುಷ್ಕರದ ಕಥೆ.

ಎರಡು ತಿಂಗಳಿಗೊಂದರಂತೆ ಹಂಚಿದರೆ ಪಟ್ಟಿ ನೋಡಲು ಚೆನ್ನಾಗೇ ಇದೆ. ಆದರೂ ಏನೋ ಸರಿ ಇಲ್ಲ ಅನ್ನಿಸುತ್ತಿದೆ. ಇನ್ನೊಂದು ವಿಷಯ. ಪಾಣಿಪತ್ತಿನ ಲೇಖಕರು ತಮ್ಮ ಪುಸ್ತಕ ಯುದ್ಧ ನಡೆದ ತಾರೀಖಿಗೇ, ಅಂದರೆ ಜನವರಿ 14ಕ್ಕೇ ಬರಬೇಕು ಅಂತ ಹಠ ಹಿಡಿದಿದ್ದಾರೆ. ಅನುಭವ ಇರುವವರು ಹೇಳಿ.

ಕರಡುಕಣ್ಣು:

ಆರು ಅಂತ ಯಾಕೆ ಲೆಕ್ಕ ಹಾಕ್ತೀರಿ? ನಿಮ್ಮ ಹತ್ತಿರ ಇರುವುದು ಎರಡು. ಮಿಕ್ಕ ನಾಲ್ಕು ಇನ್ನೂ ಲೇಖಕರ ತಲೆಯಲ್ಲೋ ಮೇಜಿನ ಮೇಲೋ ಇವೆ. ಪೂರ್ತಿ ಹಸ್ತಪ್ರತಿ ಕೈಗೆ ಬಂದು, ಒಂದು ಸಲ ಓದಿ, ಇದನ್ನು ತರುತ್ತೇವೆ ಅಂತ ತೀರ್ಮಾನ ಆದಮೇಲೆ ಅದಕ್ಕೆ ತಿಂಗಳು ಕೊಡಿ. ಅಲ್ಲಿಯವರೆಗೆ ಅದು ವರ್ಷದ ಪಟ್ಟಿಯಲ್ಲಿ ಬೇಡ, ಪಕ್ಕದ ಚೀಟಿಯಲ್ಲಿ ಇರಲಿ.

ಬೇರೆ ಕಾದಂಬರಿ ತಿದ್ದುವುದಕ್ಕೂ ಇದಕ್ಕೂ ವ್ಯತ್ಯಾಸ ಇದೆ. ಇಲ್ಲಿ ಎರಡು ಸುತ್ತು ಬೇಕು. ಮೊದಲನೆಯದು ಕಥೆಗೆ, ಎರಡನೆಯದು ಕಾಲಕ್ಕೆ. ಎರಡನ್ನೂ ಒಟ್ಟಿಗೆ ಮಾಡಲು ಹೋದರೆ ಎರಡೂ ಕೆಡುತ್ತವೆ. ಕಥೆ ಚೆನ್ನಾಗಿ ಓಡುತ್ತಿದ್ದರೆ ಕಣ್ಣು ತಪ್ಪುಗಳ ಮೇಲೆ ಜಾರಿ ಹೋಗುತ್ತದೆ. ಒಂದು ಹಸ್ತಪ್ರತಿಯಲ್ಲಿ, ಕಥೆ 1790ರದ್ದು, ಕಾವಲುಗಾರ ಕತ್ತಲಲ್ಲಿ ಕಡ್ಡಿ ಗೀರಿ ದೀಪ ಹಚ್ಚುತ್ತಾನೆ. ಬಹಳ ಒಳ್ಳೆಯ ದೃಶ್ಯ. ಗೀರಿ ಹಚ್ಚುವ ಬೆಂಕಿಕಡ್ಡಿಯನ್ನು ಜಾನ್ ವಾಕರ್ ಕಂಡುಹಿಡಿದದ್ದು 1826ರಲ್ಲಿ, ಮಾರಲು ಶುರು ಮಾಡಿದ್ದು 1827ರಲ್ಲಿ. ಸರಿ, ಕಡ್ಡಿ ತೆಗೆದು ಚಕಮಕಿ ಕಲ್ಲು ಕೊಟ್ಟರೆ ಆಯಿತು ಅನ್ನುತ್ತೀರಿ. ಆಗಲ್ಲ. ಕಡ್ಡಿ ಗೀರಿದರೆ ತಕ್ಷಣ ಬೆಳಕು. ಚಕಮಕಿಯಲ್ಲಿ ಕಿಡಿ ಹಾರಿಸಬೇಕು, ಅರಳೆಗೆ ಹಿಡಿಸಬೇಕು, ಊದಬೇಕು. ಅಷ್ಟರಲ್ಲಿ ಕಳ್ಳ ಗೋಡೆ ಹಾರಿರುತ್ತಾನೆ. ಇಡೀ ದೃಶ್ಯವನ್ನೇ ಮತ್ತೆ ಬರೆಯಬೇಕಾಯಿತು. ಒಂದು ಬೆಂಕಿಕಡ್ಡಿ ಇಷ್ಟು ದಿನ ತಿನ್ನುತ್ತದೆ ಅಂತ ಯಾರ ವೇಳಾಪಟ್ಟಿಯಲ್ಲೂ ಇರಲ್ಲ, ಅಲ್ವಾ?

ಅದಕ್ಕೇ ಹೇಳುವುದು, ಸಂಪಾದನೆ ಮಾಡುವವರು ಒಬ್ಬರೇ ಇದ್ದರೆ ವರ್ಷಕ್ಕೆ ಮೂರು ಹೊಸ ಪುಸ್ತಕ. ತೀರಾ ಅಂದರೆ ನಾಲ್ಕು.

ರಾತ್ರಿಓದು:

ನಾನು ಬರೀ ಓದುಗ. ಆದರೂ ಒಂದು ಮಾತು. ವರ್ಷಕ್ಕೆ ಮೂರೇ ಪುಸ್ತಕ ತಂದರೆ ಜನ ನಿಮ್ಮನ್ನು ಮರೆತೇಬಿಡುತ್ತಾರೆ. ಎರಡು ತಿಂಗಳಿಗೊಮ್ಮೆ ಏನಾದರೂ ಬರುತ್ತಿದ್ದರೆ ಪ್ರಕಾಶನದ ಹೆಸರು ಕಣ್ಣಿಗೆ ಬೀಳುತ್ತದೆ. ಆರನ್ನೂ ತನ್ನಿ ಅಂತ ನನ್ನ ಮತ.

ಇನ್ನೊಂದು ದೂರೂ ಇದೆ. ಸರಣಿ ಅಂತ ಶುರು ಮಾಡುವ ಪ್ರಕಾಶಕರು, ಕೊನೆಯ ಭಾಗ ಬರುವ ಹೊತ್ತಿಗೆ ಮೊದಲ ಭಾಗದ ಸ್ಟಾಕ್ ಇಲ್ಲ ಅಂತಾರೆ. ಹೀಗೇ ಒಂದು ಸರಣಿಯ ಎರಡು ಮತ್ತು ಮೂರನೇ ಭಾಗ ನನ್ನ ಕಪಾಟಿನಲ್ಲಿ ಸುಮ್ನೆ ಕೂತಿವೆ. ಮೊದಲನೆಯದು ಎಲ್ಲೂ ಸಿಗುತ್ತಿಲ್ಲ. ಯಾರ ಪುಸ್ತಕ ಅಂತ ಹೇಳಲ್ಲ ಬಿಡಿ.

ಅಚ್ಚಿನಮನೆ:

ರಾತ್ರಿಓದು ಅವರ ಎರಡನೇ ಮಾತು ನೂರಕ್ಕೆ ನೂರು ಸರಿ. ಮೊದಲನೆಯದನ್ನು ಒಪ್ಪಲ್ಲ. ಕಣ್ಣಿಗೆ ಬೀಳಲು ಹೊಸ ಪುಸ್ತಕವೇ ಬೇಕು ಅಂತ ಏನಿದೆ? ಮೂರನೇ ಭಾಗ ಬರುವ ತಿಂಗಳಿಗೆ ಮುಂಚೆ ಮೊದಲ ಭಾಗದ ಮರುಮುದ್ರಣ ತನ್ನಿ. ಅದನ್ನೂ ಹೊಸ ಪುಸ್ತಕದ ಹಾಗೇ ಹೇಳಿಕೊಳ್ಳಿ. ಸಂಪಾದನೆ ಕೆಲಸ ಇಲ್ಲ, ಪುಟವಿನ್ಯಾಸ ಸಿದ್ಧ ಇದೆ, ಮುಖಪುಟ ಇದೆ. ಏನೂ ಬದಲಾಯಿಸದೆ ಮತ್ತೆ ಅಚ್ಚು ಹಾಕಿದರೆ ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ನಂಬರ್ ಕೂಡ ಹಳೆಯದೇ ನಡೆಯುತ್ತದೆ. ಇ-ಪುಸ್ತಕ ಅಥವಾ ಆಡಿಯೋ ಮಾಡಿದರೆ ಮಾತ್ರ ಅವಕ್ಕೆ ಬೇರೆ ಬೇರೆ ನಂಬರ್ ಬೇಕು.

ಈಗ ನನ್ನ ಕಡೆಯ ಗೋಳು. ಪ್ರಕಾಶಕರು ಮುಖಪುಟವನ್ನು ಮೊದಲೇ ಮುಗಿಸಿ ತರುತ್ತಾರೆ, ಒಳಪುಟ ಇನ್ನೂ ಲೇಖಕರ ಹತ್ತಿರ ಇರುತ್ತದೆ. ಪುಟ ಎಷ್ಟು, ಕಾಗದ ಯಾವುದು ಅಂತ ಗೊತ್ತಾಗದೆ ಪುಸ್ತಕದ ಬೆನ್ನು ಎಷ್ಟು ದಪ್ಪ ಅಂತ ಹೇಳಲು ಆಗಲ್ಲ. ಬೆನ್ನು ಗೊತ್ತಾಗದೆ ಮುಖಪುಟ ಮುಗಿಯಲ್ಲ. ಮುಖಪುಟದ ಎದುರು ಬದಿಯ ಚಿತ್ರ ಮಾತ್ರ ಮಾಡಿಸಿ ಪ್ರಚಾರಕ್ಕೆ ಬಳಸಿ, ಪೂರ್ತಿ ಮುಖಪುಟ ಕೊನೆಗೆ ಇರಲಿ.

ಐತಿಹಾಸಿಕ ಕಾದಂಬರಿಯವರಿಗೆ ಇನ್ನೊಂದು ಖಾಯಿಲೆ ಇದೆ. ಕೊನೇ ಗಳಿಗೆಯಲ್ಲಿ ‘ಲೇಖಕರ ಮಾತು’ ಬರುತ್ತದೆ. ಯಾವುದು ನಿಜ, ಯಾವುದು ಕಲ್ಪನೆ ಅಂತ ಹೇಳುವ ನಾಲ್ಕೈದು ಪುಟ. ಫಾರಂ ಅಂದರೆ ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗಿ ಮಡಚುವ ಪುಟಗಳ ಕಟ್ಟು, ಒಂದಕ್ಕೆ 16 ಪುಟ ಅಂದುಕೊಳ್ಳಿ. ಕಾದಂಬರಿ ಸರಿಯಾಗಿ 256 ಪುಟಕ್ಕೆ ನಿಂತಿದೆ, 16 ಫಾರಂ. ಅದಕ್ಕೆ ಐದು ಪುಟ ಸೇರಿದರೆ 261. ಇನ್ನೊಂದು ಪೂರ್ತಿ ಫಾರಂ ಹಾಕಿದರೆ 272. ಹನ್ನೊಂದು ಪುಟ ಖಾಲಿ! ಅರ್ಧ ಫಾರಂ ಹಾಕಿ 264ಕ್ಕೆ ನಿಲ್ಲಿಸಬಹುದು, ಆದರೆ ಅದನ್ನು ಮೊದಲೇ ಹೇಳಬೇಕು. ಲೇಖಕರ ಮಾತು, ಕಾಲಾನುಕ್ರಮ, ವಂಶಾವಳಿ, ನಕ್ಷೆ, ಇವೆಲ್ಲ ಹಸ್ತಪ್ರತಿಯ ಜೊತೆಗೇ ಬರಬೇಕು ಅಂತ ಒಪ್ಪಂದದಲ್ಲೇ ಬರೆಸಿಕೊಳ್ಳಿ.

ಹಳೆಕಾಲದ ಪುಟ:

ಮರುಮುದ್ರಣವನ್ನೂ ಪಟ್ಟಿಯಲ್ಲಿ ಒಂದು ಪುಸ್ತಕ ಅಂತ ಎಣಿಸುವುದು ನಮಗೆ ಹೊಳೆದೇ ಇರಲಿಲ್ಲ. ಮೊದಲ ಭಾಗ ಈಗ ಕೆಲವೇ ಪ್ರತಿ ಉಳಿದಿದೆ, ಹಾಗಾಗಿ ಇದು ಆಗಲೇಬೇಕು.

ಜನವರಿ 14ರ ಬಗ್ಗೆ ಯಾರೂ ಏನೂ ಹೇಳಲಿಲ್ಲ?

ತಾರೀಖುಪುರಾಣ:

ನಾನು ಇತಿಹಾಸ ಪಾಠ ಮಾಡುವವ, ಆಗಾಗ ಹಸ್ತಪ್ರತಿ ನೋಡಿಕೊಡುತ್ತೇನೆ. ತಾರೀಖಿನ ಹುಚ್ಚು ಪತ್ರಿಕೆಯವರಿಗೆ ಇದೆ, ಓದುಗರಿಗೆ ಇಲ್ಲ. ನೂರು ವರ್ಷ, ಇನ್ನೂರು ವರ್ಷ ಆದಾಗ ಪತ್ರಿಕೆಗಳು ಆ ವಿಷಯಕ್ಕೆ ಜಾಗ ಕೊಡುತ್ತವೆ, ನಿಜ. ಆದರೆ ಆಗಲೇ ದೊಡ್ಡ ಪ್ರಕಾಶಕರೂ ಅದೇ ವಿಷಯದ ಪುಸ್ತಕಗಳನ್ನು ರಾಶಿ ಹಾಕುತ್ತಾರೆ. 2014ರಲ್ಲಿ ಮೊದಲ ಮಹಾಯುದ್ಧಕ್ಕೆ ನೂರು ವರ್ಷ ಆದಾಗ ಹಾಗೇ ಆಯಿತು. ಆ ಗದ್ದಲದಲ್ಲಿ ಸಣ್ಣವರ ದನಿ ಕೇಳುತ್ತದಾ? ನಿಮ್ಮ ಮೆಗೆಲನ್ ಪುಸ್ತಕವನ್ನೇ ನೋಡಿ. ಐದು ಹಡಗು ಹೊರಟಿದ್ದು 1519ರಲ್ಲಿ, ಭೂಮಿ ಸುತ್ತಿ ಒಂದು ಹಡಗು ವಾಪಸ್ ಬಂದಿದ್ದು 1522ರಲ್ಲಿ. ಐನೂರು ವರ್ಷದ ಸಂಭ್ರಮ 2022ಕ್ಕೇ ಮುಗಿಯಿತು. ಈಗ ಪುಸ್ತಕ ತಡವಾಯಿತು ಅಂತ ಯಾರಾದರೂ ಕೇಳುತ್ತಾರಾ? ಇಲ್ಲ.

ಪಾಣಿಪತ್ತಿಗಂತೂ ಇದು ಸುತ್ತಿನ ವರ್ಷವೂ ಅಲ್ಲ. ಯುದ್ಧ ನಡೆದಿದ್ದು 1761ರಲ್ಲಿ. ಬರೀ ತಿಂಗಳು-ದಿನ ಕೂಡಿಬಂತು ಅಂತ ಅರ್ಧಂಬರ್ಧ ತಿದ್ದಿದ ಪುಸ್ತಕ ಅಚ್ಚಿಗೆ ಕಳಿಸಬೇಡಿ. ಲೇಖಕರಿಗೆ ತಾರೀಖಿನ ಮೇಲೆ ಅಷ್ಟು ಪ್ರೀತಿ ಇದ್ದರೆ ಆ ಪ್ರೀತಿಯನ್ನು ಕಥೆಯೊಳಗೆ ತೋರಿಸಲಿ. ಯುದ್ಧದ ರಾತ್ರಿ ಸೋತವರು ಓಡುವ ದೃಶ್ಯ ಇರುತ್ತದಲ್ಲ, ಅಲ್ಲಿ ಆಕಾಶದಲ್ಲಿ ಏನಿದೆ ಅಂತ ಕೇಳಿ ನೋಡಿ.

ಹಳೆಕಾಲದ ಪುಟ:

ಈಗಷ್ಟೇ ತೆಗೆದು ನೋಡಿದೆ. ‘ಹುಣ್ಣಿಮೆಯ ಬೆಳಕು ಬಯಲ ಮೇಲೆ ಹಾಲಿನಂತೆ ಚೆಲ್ಲಿತ್ತು’ ಅಂತ ಇದೆ.

ತಾರೀಖುಪುರಾಣ:

ಅನ್ನಿಸಿತ್ತು! ಅವತ್ತು ಪುಷ್ಯ ಶುದ್ಧ ಅಷ್ಟಮಿ. ಬೆಳದಿಂಗಳು ಇತ್ತು, ಆದರೆ ಅರ್ಧ ಚಂದ್ರ. ಅಷ್ಟಮಿಯ ಚಂದ್ರ ಮಧ್ಯರಾತ್ರಿ ಆಸುಪಾಸಿಗೆ ಮುಳುಗುತ್ತಾನೆ. ಆಮೇಲೆ ಬೆಳಗಿನವರೆಗೆ ಕಗ್ಗತ್ತಲು, ಜನವರಿಯ ಚಳಿ. ಅಟ್ಟಿಸಿಕೊಂಡು ಬರುವವರಿಗೆ ರಾತ್ರಿಯ ಮೊದಲ ಅರ್ಧ ಅನುಕೂಲ, ಓಡುವವರಿಗೆ ಎರಡನೇ ಅರ್ಧ. ಲೇಖಕರಿಗೆ ಇದನ್ನು ಹೇಳಿದರೆ ಖುಷಿಯಿಂದ ಆ ಅಧ್ಯಾಯವನ್ನು ಮತ್ತೆ ಬರೆಯುತ್ತಾರೆ. ಜನವರಿ 14ರ ಹಠವೂ ಬಿಟ್ಟುಹೋಗಬಹುದು.

ಮೆಗೆಲನ್ ಲೇಖಕರಿಗೂ ಒಂದು ಚೀಟಿ ಕಳಿಸಿ. ವಾಪಸ್ ಬರುವಾಗ ಹಡಗಿನವರು ಕೇಪ್ ವರ್ಡ್ ದ್ವೀಪದಲ್ಲಿ ವಿಚಾರಿಸಿದರೆ ಅಲ್ಲಿಯವರು ಇವತ್ತು ಗುರುವಾರ ಅಂದರು. ಹಡಗಿನ ಲೆಕ್ಕದಲ್ಲಿ ಅದು ಬುಧವಾರ. ಪಶ್ಚಿಮಕ್ಕೇ ಸಾಗಿ ಭೂಮಿ ಸುತ್ತಿದ್ದರಿಂದ ಒಂದು ದಿನ ಜಾರಿತ್ತು. ಜೊತೆಗಿದ್ದ ಪಿಗಫೆಟ್ಟಾ ಇದನ್ನು ಬರೆದಿಟ್ಟಿದ್ದಾನೆ. ಹಾಗಾಗಿ ಆ ಹುಡುಗನ ದಿನಚರಿಯಲ್ಲಿ ಬರುವ ವಾರಗಳು ಯಾವ ಲೆಕ್ಕದವು ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಬರೆಯಲಿ. ಅರ್ಧ ಬಾಕಿ ಇರುವಾಗಲೇ ಹೇಳಿದರೆ ಸುಲಭ.

ಕರಡುಕಣ್ಣು:

ಮೇಲಿನವರ ಥರ ಓದಿಕೊಡುವವರು ಸಿಕ್ಕಿದರೆ ಬಿಡಬೇಡಿ. ಆದರೆ ಇಡೀ ಹಸ್ತಪ್ರತಿ ಕೊಟ್ಟು ‘ನೋಡಿ ಹೇಳಿ’ ಅಂದರೆ ತಿಂಗಳುಗಟ್ಟಲೆ ಕೂರುತ್ತದೆ. ಪ್ರಶ್ನೆಗಳನ್ನು ಬರೆದು ಕಳಿಸಿ. ಈ ದೂರವನ್ನು ಕುದುರೆ ಮೇಲೆ ಒಂದು ದಿನದಲ್ಲಿ ಹೋಗಬಹುದಾ? ಈ ಹುದ್ದೆಯವನು ಸೇನಾಪತಿಯ ಎದುರು ಕೂತು ಮಾತಾಡಬಹುದಾ? ಇಂಥವು. ಗೌರವಧನವನ್ನೂ ಕೊಡಿ, ಪುಸ್ತಕದ ಖರ್ಚಿನಲ್ಲೇ ಅದನ್ನು ಸೇರಿಸಿ.

1816ರ ಪುಸ್ತಕ ಸಿದ್ಧ ಅಂದಿರಿ. ಅದರಲ್ಲಿ ಯಾರಾದರೂ ಜ್ವಾಲಾಮುಖಿಯ ಬಗ್ಗೆ ಮಾತಾಡುತ್ತಾರಾ?

ಹಳೆಕಾಲದ ಪುಟ:

ಊರಿನ ವೈದ್ಯ ಒಂದು ಕಡೆ ಊಹೆ ಮಾಡುತ್ತಾನೆ, ದೂರದ ಬೆಂಕಿ ಬೆಟ್ಟದ ಬೂದಿಯಿಂದ ಹೀಗಾಗಿರಬಹುದು ಅಂತ. ಯಾಕೆ?

ಕರಡುಕಣ್ಣು:

ಈಗಿನ ಇಂಡೋನೇಷ್ಯಾದಲ್ಲಿರುವ ತಂಬೋರಾ ಸಿಡಿದಿದ್ದು 1815ರ ಏಪ್ರಿಲ್‌ನಲ್ಲಿ. ಮಾರನೇ ವರ್ಷ ಯುರೋಪ್‌ನಲ್ಲಿ ಬೆಳೆ ಹಾಳಾಯಿತು, ಅಮೆರಿಕದ ನ್ಯೂ ಇಂಗ್ಲೆಂಡ್‌ನಲ್ಲಿ ಜೂನ್ ತಿಂಗಳಲ್ಲಿ ಹಿಮ ಬಿತ್ತು. ಆದರೆ ಆ ಚಳಿಗೆ ತಂಬೋರಾ ಕಾರಣ ಅಂತ ವಿಜ್ಞಾನಿಗಳು ಕೊಂಡಿ ಹಾಕಿದ್ದು 20ನೇ ಶತಮಾನದಲ್ಲಿ. ಒಬ್ಬ ಹಳ್ಳಿ ವೈದ್ಯ ಅದನ್ನು ಕೂತಲ್ಲೇ ಹೇಳಿಬಿಟ್ಟರೆ ಅವನು ನಮ್ಮ ಕಾಲದವನು ಅಂತ ಗೊತ್ತಾಗಿಬಿಡುತ್ತದೆ. ಆಗಿನ ಜನ ಸೂರ್ಯನ ಮೇಲಿನ ಕಲೆಗಳನ್ನು ನೋಡಿ ಹೆದರಿದ್ದರು. ವೈದ್ಯನಿಗೆ ಆ ಊಹೆ ಕೊಡಿ. ಅದು ತಪ್ಪು ಅಂತ ಓದುಗನಿಗೆ ಗೊತ್ತಿರುತ್ತದೆ, ಅವನಿಗೆ ಗೊತ್ತಿರಲ್ಲ. ಕಥೆಗೂ ಅದೇ ಚೆಂದ.

ವಸ್ತುಗಳ ತಪ್ಪನ್ನು ಯಾರು ಬೇಕಾದರೂ ಹುಡುಕುತ್ತಾರೆ. ಪಾತ್ರಕ್ಕೆ ಏನೇನು ಗೊತ್ತಿರಲು ಸಾಧ್ಯ ಅನ್ನುವುದನ್ನು ಹಿಡಿಯುವುದಕ್ಕೇ ಸಮಯ ಬೇಕು. ನಿಮ್ಮ ‘ಸಿದ್ಧ’ ಪುಸ್ತಕಕ್ಕೂ ಒಂದೆರಡು ತಿಂಗಳು ಇಟ್ಟುಕೊಳ್ಳಿ.

ರಾತ್ರಿಓದು:

ಸರಿ, ಸೋತೆ. ಆರು ಬೇಡ. ಆದರೆ ಮುಷ್ಕರದ ಕಥೆ ನಿಮ್ಮ ಪಟ್ಟಿಯಲ್ಲಿ ಯಾಕಿದೆ? 70ರ ದಶಕ ಇತಿಹಾಸ ಹೇಗಾಗುತ್ತದೆ? ನಾನು ಆಗ ಸ್ಕೂಲಿಗೆ ಹೋಗುತ್ತಿದ್ದೆ ಸ್ವಾಮಿ!

ತಾರೀಖುಪುರಾಣ:

ನಾವೆಲ್ಲ ಇತಿಹಾಸಕ್ಕೆ ಸೇರುವ ವಯಸ್ಸಾಯಿತು ಅಂತ ಒಪ್ಪಿಕೊಳ್ಳಿ. ಸ್ಕಾಟ್ಲೆಂಡಿನ ಕಾದಂಬರಿಕಾರ ವಾಲ್ಟರ್ ಸ್ಕಾಟ್ 1814ರಲ್ಲಿ ಬರೆದ ಮೊದಲ ಕಾದಂಬರಿಗೆ ‘ಅರವತ್ತು ವರ್ಷದ ಹಿಂದೆ’ ಅನ್ನುವ ಅರ್ಥದ ಉಪಶೀರ್ಷಿಕೆ ಇತ್ತು. ಅವನ ಹೆಸರಿನ ಬಹುಮಾನದವರು ಇವತ್ತಿಗೂ ಕಥೆಯ ಬಹುಪಾಲು ಕನಿಷ್ಠ 60 ವರ್ಷ ಹಿಂದಿನದಾಗಿರಬೇಕು ಅಂತಾರೆ. 50 ವರ್ಷ ಸಾಕು ಅನ್ನುವವರೂ ಇದ್ದಾರೆ. ನನ್ನನ್ನು ಕೇಳಿದರೆ ಲೇಖಕರು ನೆನಪಿನಿಂದ ಬರೆದಿದ್ದಾರಾ, ಹುಡುಕಿ ಓದಿ ಬರೆದಿದ್ದಾರಾ ಅನ್ನುವುದೇ ಮುಖ್ಯ.

ಅನುವಾದದ ಹಾದಿ:

ಐದನೆಯದರ ಬಗ್ಗೆ ಒಂದು ಪ್ರಶ್ನೆ. ಅನುವಾದ ಫ್ರೆಂಚಿನಿಂದ ನೇರವಾಗಿ ಮಾಡಿಸುತ್ತಿದ್ದೀರಾ, ಇಂಗ್ಲಿಷಿನಿಂದಲಾ?

ಹಳೆಕಾಲದ ಪುಟ:

ಇಂಗ್ಲಿಷಿನಿಂದ. ಮೂಲ ಲೇಖಕರು ತೀರಿಕೊಂಡು ನೂರು ವರ್ಷದ ಮೇಲಾಗಿದೆ, ಹಾಗಾಗಿ ಹಕ್ಕಿನ ತೊಂದರೆ ಇಲ್ಲ ಅಂದುಕೊಂಡಿದ್ದೇವೆ.

ಅನುವಾದದ ಹಾದಿ:

ಮೂಲಕ್ಕೆ ತೊಂದರೆ ಇಲ್ಲ. ಇಂಗ್ಲಿಷ್ ಅನುವಾದ ಯಾವ ಕಾಲದ್ದು ಅಂತ ನೋಡಿದಿರಾ? ಅನುವಾದಕ್ಕೆ ಅದರದ್ದೇ ಹಕ್ಕು ಇರುತ್ತದೆ, ಅದು ಅನುವಾದಕರ ಆಯುಸ್ಸಿನಿಂದ ಲೆಕ್ಕ. ಭಾರತದಲ್ಲಿ ಬರೆದವರು ತೀರಿಕೊಂಡ ಮೇಲೆ 60 ವರ್ಷ, ಯುರೋಪಿನ ದೇಶಗಳಲ್ಲಿ 70. ಇತ್ತೀಚಿನ ಅನುವಾದ ಇಟ್ಟುಕೊಂಡು ಕೆಲಸ ಮಾಡಿದರೆ ಅವರ ಅನುಮತಿ ಬೇಕು. ಆ ಪತ್ರ ವ್ಯವಹಾರಕ್ಕೇ ತಿಂಗಳುಗಳು ಹೋಗುತ್ತವೆ. ಹಕ್ಕು ಮುಗಿದ ಹಳೆಯ ಇಂಗ್ಲಿಷ್ ಅನುವಾದವೂ ಸಿಗಬಹುದು, ಆದರೆ ಹಳೆಯವರು ತಮಗೆ ಸರಿಕಾಣದ ಭಾಗಗಳನ್ನು ಕತ್ತರಿಸುತ್ತಿದ್ದುದೂ ಉಂಟು. ಫ್ರೆಂಚ್ ಬಲ್ಲವರು ಒಬ್ಬರು ಸಿಕ್ಕಿದರೆ ಅದೇ ಒಳ್ಳೆಯ ದಾರಿ. ಒಟ್ಟಿನಲ್ಲಿ ಇದು ಈ ವರ್ಷದ ಪುಸ್ತಕ ಅಲ್ಲ.

ಮುಖಪುಟದ ಚಿತ್ರಕ್ಕೂ ಇದೇ ಮಾತು. ಚಿತ್ರ ಹಳೆಯದು, ಆದರೆ ಅದರ ಫೋಟೋವನ್ನು ಕೊಡುವ ಸಂಗ್ರಹಾಲಯ ತನ್ನದೇ ಷರತ್ತು ಹಾಕಬಹುದು. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಸಂಗ್ರಹಾಲಯ 2017ರಿಂದ ಹಕ್ಕು ಮುಗಿದ ಕೃತಿಗಳ ಚಿತ್ರಗಳನ್ನು ಯಾರು ಬೇಕಾದರೂ, ಮಾರಾಟದ ಪುಸ್ತಕಕ್ಕೂ, ಬಳಸಲು ಬಿಟ್ಟಿದೆ. ಮೊದಲು ಅಲ್ಲಿ ಹುಡುಕಿ.

ಲೆಕ್ಕಪತ್ರ:

ದುಡ್ಡಿನ ಮಾತನ್ನು ಯಾರೂ ಎತ್ತಲಿಲ್ಲ. ಕಾಗದ, ಮುದ್ರಣ, ಬೈಂಡಿಂಗ್‌ಗೆ ಮೊದಲು ಕೊಡಬೇಕು. ಅಂಗಡಿಯಿಂದ ದುಡ್ಡು ಬರುವುದು ಮಾರಾಟ ಆದಮೇಲೆ, ಅದೂ ನಾಲ್ಕು ಸಲ ಕೇಳಿದ ಮೇಲೆ. ಮಾರಾಟವಾಗದ ಪ್ರತಿ ವಾಪಸ್ ಬರುತ್ತದೆ, ಮೂಲೆ ಮಡಚಿರುತ್ತದೆ. ಎರಡು ತಿಂಗಳಿಗೊಂದು ಪುಸ್ತಕ ಅಂದರೆ ಮೊದಲನೆಯದರ ದುಡ್ಡು ಕೈಗೆ ಬರುವ ಮೊದಲೇ ಮೂರನೆಯದಕ್ಕೆ ಕಾಗದ ಕೊಳ್ಳುತ್ತಿರುತ್ತೀರಿ. ಪುಸ್ತಕಗಳೆಲ್ಲ ಚೆನ್ನಾಗಿ ಹೋಗುತ್ತಿದ್ದರೂ ಬ್ಯಾಂಕ್ ಖಾತೆ ಖಾಲಿ ಇರುವುದು ಹೀಗೇ.

ಪುಸ್ತಕದಿಂದ ಪುಸ್ತಕಕ್ಕೆ ಮೂರು ತಿಂಗಳು ಅಂತರ ಇಡಿ. ಹೊಸ ಪುಸ್ತಕ ಆಫ್‌ಸೆಟ್‌ನಲ್ಲಿ, ಅಂದರೆ ಒಟ್ಟಿಗೆ ತುಂಬಾ ಪ್ರತಿ ಅಚ್ಚು ಹಾಕಿಸಿ. ನಿಧಾನಕ್ಕೆ ಹೋಗುವ ಹಳೆಯವು ಪ್ರಿಂಟ್ ಆನ್ ಡಿಮ್ಯಾಂಡ್‌ನಲ್ಲಿ, ಅಂದರೆ ಬೇಡಿಕೆ ಬಂದಷ್ಟೇ ಪ್ರತಿ. ಪ್ರತಿಯೊಂದಕ್ಕೆ ಖರ್ಚು ಜಾಸ್ತಿ ಬೀಳುತ್ತದೆ, ಆದರೆ ಗೋಡೌನ್‌ನಲ್ಲಿ ದುಡ್ಡು ಕೊಳೆಯಲ್ಲ.

ಅಚ್ಚಿನಮನೆ:

ಹೊಟ್ಟೆ ಮೇಲೆ ಹೊಡೆದಿರಿ. ಆದರೆ ನಿಜ.

ಹಳೆಕಾಲದ ಪುಟ:

ಎಲ್ಲರ ಮಾತನ್ನೂ ಜೊತೆಗಾರರಿಗೆ ಓದಿ ಹೇಳಿದೆ. ಲೆಕ್ಕಪತ್ರ ಅವರ ಮಾತು ಕೇಳಿ ಅವರು ‘ನಾನು ಹೇಳಿದ್ದೂ ಇದೇ’ ಅಂದರು. ಇರಲಿ. ಹೊಸ ಪಟ್ಟಿ ಹೀಗಿದೆ.

ವರ್ಷದ ಮೊದಲ ಪುಸ್ತಕ ಸರಣಿಯ ಮೊದಲ ಭಾಗದ ಮರುಮುದ್ರಣ. ಮೂರು ತಿಂಗಳ ನಂತರ ಸರಣಿಯ ಕೊನೆಯ ಭಾಗ. ಆಮೇಲೆ ವೈದ್ಯನನ್ನು ತಿದ್ದಿಕೊಂಡು 1816ರ ಕಿರುಕಾದಂಬರಿ. ವರ್ಷದ ಕೊನೆಗೆ ಮುಷ್ಕರದ ಕಥೆ. ಲೇಖಕರು ಮುಂದಿನ ತಿಂಗಳು ಪೂರ್ತಿ ಹಸ್ತಪ್ರತಿ ಕೊಟ್ಟರೆ ಮಾತ್ರ, ಇಲ್ಲದಿದ್ದರೆ ಆ ಜಾಗ ಖಾಲಿ ಬಿಡುತ್ತೇವೆ. ಪಾಣಿಪತ್, ಮೆಗೆಲನ್, ಅನುವಾದ, ಮೂರೂ ಪಕ್ಕದ ಚೀಟಿಗೆ. ಪಾಣಿಪತ್ತಿನ ಲೇಖಕರಿಗೆ ಅಷ್ಟಮಿ ಚಂದ್ರನ ವಿಷಯ ಹೇಳಿದೆ. ಮೊದಲು ಸುಮ್ಮನಾದರು. ಆಮೇಲೆ ‘ಆ ಅಧ್ಯಾಯ ವಾಪಸ್ ಕೊಡಿ’ ಅಂದರು. ತಾರೀಖಿನ ಮಾತು ಎತ್ತಲಿಲ್ಲ. ಹೊಸ ಹಸ್ತಪ್ರತಿಗಳಿಗೆ ವರ್ಷದಲ್ಲಿ ಒಂದೇ ತಿಂಗಳು ಬಾಗಿಲು ತೆರೆಯುತ್ತೇವೆ.

ರಾತ್ರಿಓದು:

ಮರುಮುದ್ರಣದಲ್ಲಿ ನಕ್ಷೆ ಹಾಕುತ್ತೀರಾ? ಮೊದಲ ಭಾಗ ಓದಿದವರೆಲ್ಲ ದಾರಿ ಗೊತ್ತಾಗಲಿಲ್ಲ ಅಂತ ಬೈಯುತ್ತಿದ್ದರು.

ಹಳೆಕಾಲದ ಪುಟ:

ಎರಡು ಪುಟ ಹರಡಿಕೊಳ್ಳುವ ನಕ್ಷೆ ಬರೆಸಿದ್ದೇವೆ. ತುಂಬಾ ಚೆನ್ನಾಗಿ ಬಂದಿದೆ.

ಅಚ್ಚಿನಮನೆ:

ಎರಡು ಪುಟವಾ? ಪುಟಗಳನ್ನು ಬೆನ್ನಿಗೆ ಅಂಟಿಸುವ ಪರ್ಫೆಕ್ಟ್ ಬೈಂಡಿಂಗ್‌ನಲ್ಲಿ ನಡುವಿನ ಜಾಗವನ್ನು ಬೆನ್ನು ನುಂಗಿಬಿಡುತ್ತದೆ. ನಕ್ಷೆಯ ಮಧ್ಯದಲ್ಲಿ ಏನಿದೆ?

ಹಳೆಕಾಲದ ಪುಟ:

ಕೋಟೆ. ಮೂರು ಭಾಗದ ಕಥೆಯೂ ಅದರ ಸುತ್ತಲೇ ನಡೆಯುವುದು.

ಅಚ್ಚಿನಮನೆ:

ನಕ್ಷೆಯನ್ನು ಅಡ್ಡಕ್ಕೆ ತಿರುಗಿಸಿ ಒಂದೇ ಪುಟಕ್ಕೆ ಇಳಿಸಿ, ಓದುವವರು ಪುಸ್ತಕ ತಿರುಗಿಸಿ ನೋಡಲಿ. ಇಲ್ಲ, ಎರಡು ಪುಟವೇ ಬೇಕು ಅಂದರೆ ಕೋಟೆಯನ್ನು ಎಡಕ್ಕೆ ಸರಿಸಲು ಕಲಾವಿದರಿಗೆ ಹೇಳಿ, ನಡುವೆ ಬರೀ ಬಯಲು ಬರಲಿ. ಇ-ಪುಸ್ತಕಕ್ಕೆ ಹೇಗೂ ಒಂದು ಪುಟದ್ದು ಬೇಕಾಗುತ್ತದೆ. ಫೋನ್‌ನಲ್ಲಿ ತೆರೆದು ಊರಿನ ಹೆಸರು ಓದಲು ಆಗುತ್ತದಾ ನೋಡಿಕೊಂಡು ನನಗೆ ಕಳಿಸಿ.